ವಿಂಡೋ ಮ್ಯಾನೇಜರ್ ಏಳದಿದ್ದಾಗ: ದೋಷ ಹುಡುಕುವ ಕ್ರಮ ಬೆಳೆದುಬಂದ ಬಗೆ

ವಿಂಡೋ ಮ್ಯಾನೇಜರ್ ಎಂದರೆ ಪರದೆಯ ಮೇಲಿನ ಕಿಟಕಿಗಳಿಗೆ ಚೌಕಟ್ಟು ಹಾಕುವ, ಅವುಗಳನ್ನು ಸರಿಸುವ, ಹಿಗ್ಗಿಸುವ, ಒಂದರ ಮೇಲೊಂದು ಜೋಡಿಸುವ, ಕೀಬೋರ್ಡಿನಲ್ಲಿ ಒತ್ತಿದ ಅಕ್ಷರ ಯಾವ ಕಿಟಕಿಗೆ ಸೇರಬೇಕೆಂದು ತೀರ್ಮಾನಿಸುವ ಪ್ರೋಗ್ರಾಂ. ಮೈಕ್ರೋಸಾಫ್ಟ್ ವಿಂಡೋಸ್ ಮತ್ತು ಮ್ಯಾಕಿಂಟಾಷ್‌ಗಳಲ್ಲಿ ಈ ಕೆಲಸ ವ್ಯವಸ್ಥೆಯ ಒಡಲೊಳಗೇ ನಡೆಯುತ್ತದೆ. ಯುನಿಕ್ಸ್ ಮತ್ತು ಲಿನಕ್ಸ್‌ಗಳಲ್ಲಿ ಅದು ಬಹುಕಾಲ ಬೇರೆಯೇ ಒಂದು ಪ್ರೋಗ್ರಾಂ ಆಗಿತ್ತು. ಹೀಗೆ ಬೇರೆಯಾಗಿದ್ದರಿಂದಲೇ, ಉಳಿದೆಲ್ಲ ಸರಿಯಿದ್ದೂ ಅದೊಂದು ಮಾತ್ರ ಏಳದೆ ಹೋಗುವ ಸಂದರ್ಭಗಳು ಹುಟ್ಟಿಕೊಂಡವು. ಅದು ಏಳದಿದ್ದರೂ ಉಳಿದ ಪದರಗಳು ಎಚ್ಚರವಾಗಿದ್ದು ಕಾರಣ ತಿಳಿಸುವ ಅನುಕೂಲವೂ ಅದೇ ಏರ್ಪಾಟಿನಿಂದ ಬಂತು. ಕಳೆದ ನಾಲ್ಕು ದಶಕಗಳಲ್ಲಿ ಈ ಪದರಗಳು ಹೇಗೆ ಬೇರ್ಪಟ್ಟವು, ಮತ್ತೆ ಹೇಗೆ ಕೂಡಿಕೊಂಡವು ಎನ್ನುವುದೇ ದೋಷ ಹುಡುಕುವ ಕ್ರಮದ ಇತಿಹಾಸ.

ಎಂಐಟಿಯಲ್ಲಿ ಆದ ತೀರ್ಮಾನ

ಒಂದರ ಮೇಲೊಂದು ಬರುವ ಕಿಟಕಿಗಳು ಮೊದಲು ಕಾಣಿಸಿಕೊಂಡದ್ದು 1970ರ ದಶಕದಲ್ಲಿ, ಜೆರಾಕ್ಸ್ ಕಂಪನಿಯ ಪಾಲೋ ಆಲ್ಟೋ ಸಂಶೋಧನಾ ಕೇಂದ್ರದಲ್ಲಿ. ಅಲ್ಲಿನ ಆಲ್ಟೋ ಯಂತ್ರದ ಮೇಲೆ ಓಡುತ್ತಿದ್ದ ಸ್ಮಾಲ್‌ಟಾಕ್ ಪರಿಸರದಲ್ಲಿ ಭಾಷೆ, ಕಿಟಕಿ, ಅವುಗಳ ನಿರ್ವಹಣೆ ಎಲ್ಲವೂ ಒಂದೇ ಆಗಿದ್ದವು. ಒಂದು ಕೆಟ್ಟರೆ ಎಲ್ಲವೂ ಕೆಡುತ್ತಿತ್ತು.

ಬೇರ್ಪಡಿಸುವ ಕೆಲಸ ನಡೆದದ್ದು ಅಮೆರಿಕದ ಮ್ಯಾಸಚೂಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ (ಎಂಐಟಿ). ಡಿಇಸಿ ಮತ್ತು ಐಬಿಎಂ ಕಂಪನಿಗಳ ನೆರವಿನಿಂದ 1983ರಲ್ಲಿ ಅಲ್ಲಿ ಪ್ರಾಜೆಕ್ಟ್ ಅಥೀನಾ ಆರಂಭವಾಗಿತ್ತು. ಬೇರೆ ಬೇರೆ ತಯಾರಕರ ಯಂತ್ರಗಳ ಮೇಲೆ ವಿದ್ಯಾರ್ಥಿಗಳಿಗೆ ಒಂದೇ ಬಗೆಯ ಪರದೆ ಸಿಗಬೇಕಿತ್ತು. ಅದೇ ಸಂಸ್ಥೆಯ ಕಂಪ್ಯೂಟರ್ ವಿಜ್ಞಾನ ಪ್ರಯೋಗಾಲಯದಲ್ಲಿದ್ದ ಬಾಬ್ ಷೈಫ್ಲರ್ ಅವರಿಗೆ, ಆರ್ಗಸ್ ಎಂಬ ಹಂಚಿಕೆಯ ವ್ಯವಸ್ಥೆಯ ದೋಷಗಳನ್ನು ತೆರೆಯ ಮೇಲೆ ನೋಡುವ ಸಾಧನ ಬೇಕಾಗಿತ್ತು. ಸ್ಟ್ಯಾನ್‌ಫರ್ಡ್‌ನಲ್ಲಿ ಪಾಲ್ ಅಸೆಂಟೆ ಮತ್ತು ಬ್ರಯಾನ್ ರೀಡ್ ರೂಪಿಸಿದ್ದ ‘ಡಬ್ಲ್ಯೂ’ ಎಂಬ ವ್ಯವಸ್ಥೆಯನ್ನು ತೆಗೆದುಕೊಂಡು ಷೈಫ್ಲರ್ ಅದನ್ನು ಬದಲಾಯಿಸಿದರು. ಅಥೀನಾದ ಜಿಮ್ ಗೆಟ್ಟಿಸ್ ಅವರ ಜೊತೆ ಸೇರಿದರು. ವರ್ಣಮಾಲೆಯಲ್ಲಿ ಡಬ್ಲ್ಯೂ ನಂತರ ಬರುವ ‘ಎಕ್ಸ್’ ಹೆಸರಿನಲ್ಲಿ ಹೊಸ ವ್ಯವಸ್ಥೆಯ ಸುದ್ದಿ 1984ರ ಜೂನ್‌ನಲ್ಲಿ ಹೊರಬಿತ್ತು. ಇಂದಿಗೂ ಬಳಕೆಯಲ್ಲಿರುವ ಹನ್ನೊಂದನೆಯ ಆವೃತ್ತಿ, ಎಕ್ಸ್11, 1987ರ ಸೆಪ್ಟೆಂಬರ್ 15ರಂದು ಬಿಡುಗಡೆಯಾಯಿತು.

ಈ ವ್ಯವಸ್ಥೆ ಒಂದು ನಿಯಮಕ್ಕೆ ಬದ್ಧವಾಗಿತ್ತು: ಸಾಧನ ಒದಗಿಸಬೇಕು, ನೀತಿ ಹೇರಬಾರದು. ತೆರೆಯ ಮೇಲೆ ಗೆರೆ ಎಳೆಯುವುದು, ಮೌಸ್ ಮತ್ತು ಕೀಬೋರ್ಡಿನ ಸುದ್ದಿ ತಲುಪಿಸುವುದು ಎಕ್ಸ್ ಸರ್ವರ್‌ನ ಹೊಣೆ. ಕಿಟಕಿ ಹೇಗೆ ಕಾಣಬೇಕು, ಎಲ್ಲಿ ಕೂರಬೇಕು ಎಂಬುದು ಅದರ ಹೊಣೆಯಲ್ಲ. ಆ ಕೆಲಸಕ್ಕೆ ಬರುವ ವಿಂಡೋ ಮ್ಯಾನೇಜರ್, ಸರ್ವರ್‌ನ ಲೆಕ್ಕದಲ್ಲಿ ಗಡಿಯಾರ ತೋರಿಸುವ ಪ್ರೋಗ್ರಾಂನಷ್ಟೇ ಸಾಮಾನ್ಯವಾದ ಇನ್ನೊಂದು ಕ್ಲೈಂಟ್.

ಒಬ್ಬರಿಗೇ ಸಿಗುವ ಹಕ್ಕು

ಆದರೂ ಒಂದು ವಿಷಯದಲ್ಲಿ ವಿಂಡೋ ಮ್ಯಾನೇಜರ್‌ಗೆ ವಿಶೇಷ ಹಕ್ಕು ಬೇಕಿತ್ತು. ಯಾವುದೇ ಪ್ರೋಗ್ರಾಂ ಹೊಸ ಕಿಟಕಿ ತೆರೆಯಲು ಹೊರಟಾಗ ಸರ್ವರ್ ಅದನ್ನು ನೇರವಾಗಿ ನೆರವೇರಿಸದೆ ಮೊದಲು ಮ್ಯಾನೇಜರ್‌ಗೆ ತಿಳಿಸಬೇಕು. ಇದಕ್ಕೆ ಎಕ್ಸ್11 ‘ಸಬ್‌ಸ್ಟ್ರಕ್ಚರ್ ರಿಡೈರೆಕ್ಟ್’ ಎಂಬ ಏರ್ಪಾಟು ಮಾಡಿತು. ಪರದೆಯ ಬುನಾದಿಯಾದ ರೂಟ್ ಕಿಟಕಿಯ ಮೇಲೆ ಈ ಹಕ್ಕನ್ನು ಒಂದು ಸಮಯಕ್ಕೆ ಒಂದೇ ಪ್ರೋಗ್ರಾಂ ಪಡೆಯಬಹುದು. ಎರಡನೆಯದು ಕೇಳಿದರೆ ಸರ್ವರ್ ‘ಬ್ಯಾಡ್‌ಆಕ್ಸೆಸ್’ ಎಂಬ ದೋಷ ಕಳಿಸುತ್ತದೆ. ಅದರ ಸಂಖ್ಯೆ 10.

ವಿಂಡೋ ಮ್ಯಾನೇಜರ್ ಏಳದಿರುವುದಕ್ಕೆ ಅತಿ ಹಳೆಯ, ಇಂದಿಗೂ ಬದಲಾಗದ ಕಾರಣ ಇದೇ: ಆ ಪರದೆಯ ಮೇಲೆ ಇನ್ನೊಂದು ಮ್ಯಾನೇಜರ್ ಆಗಲೇ ಓಡುತ್ತಿದೆ. ಇಲ್ಲೊಂದು ಸೂಕ್ಷ್ಮವಿದೆ. ಎಕ್ಸ್‌ನಲ್ಲಿ ಕ್ಲೈಂಟ್ ಕಳಿಸಿದ ಕೋರಿಕೆಗಳು ಗುಂಪಾಗಿ ಹೋಗುತ್ತವೆ, ಉತ್ತರಕ್ಕೆ ಕಾಯುವುದಿಲ್ಲ. ದೋಷದ ಸುದ್ದಿ ತಡವಾಗಿ ಬರುತ್ತದೆ. ಆದ್ದರಿಂದ ಎಚ್ಚರಿಕೆಯಿಂದ ಬರೆದ ಪ್ರತಿಯೊಂದು ಮ್ಯಾನೇಜರ್ ಎದ್ದೊಡನೆ ಈ ಹಕ್ಕನ್ನು ಕೇಳುತ್ತದೆ, ಸರ್ವರ್ ಅಲ್ಲಿಯವರೆಗಿನ ಕೋರಿಕೆಗಳನ್ನೆಲ್ಲ ಮುಗಿಸುವ ತನಕ ನಿಂತು ನೋಡುತ್ತದೆ, ದೋಷ ಬಂದರೆ ಇನ್ನೊಂದು ಮ್ಯಾನೇಜರ್ ಓಡುತ್ತಿದೆಯೆಂದು ತಿಳಿಸಿ ಹೊರಬೀಳುತ್ತದೆ. ಈ ತಪಾಸಣೆ ಇಲ್ಲದಿದ್ದರೆ ಬಳಸುವವರಿಗೆ ಸಿಗುವುದು ಅರ್ಥವಾಗದ ಒಂದು ಸಂಖ್ಯೆ ಮಾತ್ರ.

ಓಡುತ್ತಿರುವ ಮ್ಯಾನೇಜರ್ ಸತ್ತಾಗ ಕಿಟಕಿಗಳು ಉಳಿಯುವಂತೆಯೂ ಎಕ್ಸ್‌ನಲ್ಲಿ ವ್ಯವಸ್ಥೆ ಇದೆ. ಚೌಕಟ್ಟು ಹಾಕುವಾಗ ಮ್ಯಾನೇಜರ್ ಪ್ರತಿಯೊಂದು ಕಿಟಕಿಯನ್ನೂ ತನ್ನದೊಂದು ಕಿಟಕಿಯೊಳಗೆ ಇಡುತ್ತದೆ. ಜೊತೆಗೇ ಅದನ್ನು ‘ಸೇವ್ ಸೆಟ್’ ಎಂಬ ಪಟ್ಟಿಗೆ ಸೇರಿಸುತ್ತದೆ. ಮ್ಯಾನೇಜರ್ ಇಲ್ಲವಾದರೆ ಸರ್ವರ್ ಆ ಪಟ್ಟಿಯಲ್ಲಿರುವ ಕಿಟಕಿಗಳನ್ನು ಮತ್ತೆ ರೂಟ್ ಕಿಟಕಿಗೆ ಒಪ್ಪಿಸುತ್ತದೆ. ಶೀರ್ಷಿಕೆ ಪಟ್ಟಿ ಮಾಯವಾಗುತ್ತದೆ, ಕಿಟಕಿ ಸರಿಸಲು ಬರುವುದಿಲ್ಲ, ಆದರೆ ಅರ್ಧ ಬರೆದ ಪತ್ರ ಉಳಿಯುತ್ತದೆ. ತೆರೆದಿರುವ ಯಾವುದಾದರೂ ಟರ್ಮಿನಲ್‌ನಿಂದ ಮ್ಯಾನೇಜರ್ ಅನ್ನು ಮತ್ತೆ ಎಬ್ಬಿಸಿದರೆ ಕೆಲಸ ಮುಂದುವರಿಯುತ್ತದೆ.

ಮ್ಯಾನೇಜರ್ ಮತ್ತು ಉಳಿದ ಪ್ರೋಗ್ರಾಂಗಳು ಪರಸ್ಪರ ಹೇಗೆ ನಡೆದುಕೊಳ್ಳಬೇಕೆಂಬ ನಿಯಮಾವಳಿಯನ್ನು ಡೇವಿಡ್ ರೋಸೆಂತಾಲ್ 1980ರ ದಶಕದ ಕೊನೆಗೆ ಸಿದ್ಧಪಡಿಸಿದರು. ಅದರ ಎರಡನೆಯ ಆವೃತ್ತಿ ಹಳೆಯ ಮ್ಯಾನೇಜರ್ ತನ್ನ ಸ್ಥಾನವನ್ನು ಹೊಸದಕ್ಕೆ ಬಿಟ್ಟುಕೊಡುವ ಕ್ರಮವನ್ನೂ ಹೇಳಿತು. ಇಂದಿನ ಅನೇಕ ಮ್ಯಾನೇಜರ್‌ಗಳಲ್ಲಿರುವ ‘ರಿಪ್ಲೇಸ್’ ಆಯ್ಕೆ ಬಂದದ್ದು ಅಲ್ಲಿಂದ.

ಟಿಡಬ್ಲ್ಯೂಎಂನಿಂದ ಎಫ್‌ವಿಡಬ್ಲ್ಯೂಎಂವರೆಗೆ

ಎಕ್ಸ್10ರ ಕಾಲದಲ್ಲಿ ಮೈಕ್ ಗ್ಯಾನ್ಕಾರ್ಜ್ ಬರೆದ ಯುಡಬ್ಲ್ಯೂಎಂ ಎಂಬ ಮ್ಯಾನೇಜರ್ ಚಾಲ್ತಿಯಲ್ಲಿತ್ತು. 1987ರಲ್ಲಿ ಟಾಮ್ ಲಾಸ್ಟ್ರೇಂಜ್ ಬರೆದ ಟಿಡಬ್ಲ್ಯೂಎಂ ಕಿಟಕಿಗಳ ನೆತ್ತಿಗೆ ಶೀರ್ಷಿಕೆ ಪಟ್ಟಿ ಕೊಟ್ಟಿತು, ಮುಂದೆ ಎಕ್ಸ್‌ನ ಜೊತೆಗೇ ಬರುವ ಮ್ಯಾನೇಜರ್ ಆಯಿತು. ವಾಣಿಜ್ಯ ವರ್ಕ್‌ಸ್ಟೇಷನ್‌ಗಳಲ್ಲಿ ಮೋಟಿಫ್ ಬಳಗದ ಎಂಡಬ್ಲ್ಯೂಎಂ ಮತ್ತು ಸನ್ ಕಂಪನಿಯ ಓಎಲ್‌ಡಬ್ಲ್ಯೂಎಂ ಪೈಪೋಟಿ ನಡೆಸಿದವು. 1993ರಲ್ಲಿ ರಾಬರ್ಟ್ ನೇಷನ್ ಟಿಡಬ್ಲ್ಯೂಎಂ ಅನ್ನು ಕಡಿಮೆ ಮೆಮೊರಿಗೆ ಒಗ್ಗಿಸಿ ಎಫ್‌ವಿಡಬ್ಲ್ಯೂಎಂ ಮಾಡಿದರು. ಆಗತಾನೆ ಹರಡುತ್ತಿದ್ದ ಲಿನಕ್ಸ್‌ನ ಸಣ್ಣ ಯಂತ್ರಗಳಿಗೆ ಅದು ಹೇಳಿ ಮಾಡಿಸಿದಂತಿತ್ತು.

ಇವೆಲ್ಲವೂ ಬಳಸುವವರೇ ಕೈಯಾರೆ ಬರೆಯಬೇಕಾದ ಸಂರಚನಾ ಕಡತವನ್ನು ಓದಿಕೊಂಡು ಏಳುತ್ತಿದ್ದವು. ಹೀಗೆ ದೋಷಕ್ಕೆ ಎರಡನೆಯ ಮೂಲ ಸೇರಿಕೊಂಡಿತು: ಬಳಸುವವರ ಸ್ವಂತ ಕಡತದೊಳಗಿನ ತಪ್ಪು. ಅದನ್ನು ಪತ್ತೆಹಚ್ಚುವ ವಿಧಾನ ಆಗಿನಿಂದಲೂ ಒಂದೇ. ಕಡತದ ಹೆಸರು ಬದಲಿಸಿ ಪಕ್ಕಕ್ಕಿಟ್ಟು, ಮೂಲ ಸಂರಚನೆಯೊಂದಿಗೆ ಮ್ಯಾನೇಜರ್ ಏಳುತ್ತದೆಯೇ ಎಂದು ನೋಡುವುದು.

ಆರಂಭದ ಸರಪಳಿ

ಯಾರು ಯಾರನ್ನು ಎಬ್ಬಿಸುತ್ತಾರೆ ಎಂಬುದು ಗೊತ್ತಿಲ್ಲದೆ ದೋಷ ಎಲ್ಲಿದೆಯೆಂದು ಹೇಳಲಾಗದು. ಎಕ್ಸ್‌ನಲ್ಲಿ ಸರ್ವರ್ ಎಬ್ಬಿಸುವ ಮೂಲ ಪ್ರೋಗ್ರಾಂ ‘ಎಕ್ಸ್‌ಇನಿಟ್’. ಅದನ್ನು ಸುಲಭವಾಗಿ ಕರೆಯುವ ಸ್ಕ್ರಿಪ್ಟ್ ‘ಸ್ಟಾರ್ಟ್‌ಎಕ್ಸ್’. ಸರ್ವರ್ ಎದ್ದ ಮೇಲೆ ಎಕ್ಸ್‌ಇನಿಟ್ ಬಳಕೆದಾರರ ಮನೆ ಡೈರೆಕ್ಟರಿಯಲ್ಲಿರುವ ‘ಡಾಟ್ ಎಕ್ಸ್‌ಇನಿಟ್‌ಆರ್‌ಸಿ’ ಕಡತವನ್ನು ಓಡಿಸುತ್ತದೆ. ಆ ಕಡತ ಮುಗಿದ ಗಳಿಗೆಯಲ್ಲಿ ಸರ್ವರ್ ಅನ್ನೂ ಮುಚ್ಚುತ್ತದೆ.

ಕಡತವನ್ನು ಸಾಲುಸಾಲಾಗಿ ಓದಿದರೆ ತಪ್ಪು ಹೇಗೆ ಆಗುತ್ತದೆಂದು ತಿಳಿಯುತ್ತದೆ. ಮೊದಲ ಸಾಲಿನಲ್ಲಿ ಗಡಿಯಾರ, ಎರಡನೆಯದರಲ್ಲಿ ಟರ್ಮಿನಲ್, ಮೂರನೆಯದರಲ್ಲಿ ವಿಂಡೋ ಮ್ಯಾನೇಜರ್ ಇದೆಯೆನ್ನೋಣ. ಮೊದಲೆರಡು ಸಾಲುಗಳ ಕೊನೆಯಲ್ಲಿ ‘&’ ಚಿಹ್ನೆ ಇರಲೇಬೇಕು; ಆಗ ಅವು ಹಿನ್ನೆಲೆಗೆ ಸರಿದು ಮುಂದಿನ ಸಾಲಿಗೆ ದಾರಿ ಬಿಡುತ್ತವೆ. ಗಡಿಯಾರದ ಸಾಲಿನಲ್ಲಿ ಆ ಚಿಹ್ನೆ ಮರೆತರೆ ಕಡತ ಅಲ್ಲೇ ನಿಲ್ಲುತ್ತದೆ: ಪರದೆಯ ಮೇಲೆ ಗಡಿಯಾರ ಕಾಣುತ್ತದೆ, ಮ್ಯಾನೇಜರ್ ಏಳುವುದೇ ಇಲ್ಲ. ಇದಕ್ಕೆ ತದ್ವಿರುದ್ಧವಾಗಿ ಮೂರನೆಯ ಸಾಲಿಗೂ ಆ ಚಿಹ್ನೆ ಹಾಕಿದರೆ ಮೂರೂ ಹಿನ್ನೆಲೆಗೆ ಹೋಗಿ ಕಡತ ಮುಗಿದುಬಿಡುತ್ತದೆ. ಪರದೆ ಒಮ್ಮೆ ಮಿನುಗಿ ಆರಿಹೋಗುತ್ತದೆ. ಕೊನೆಯ ಸಾಲನ್ನು ‘ಎಕ್ಸೆಕ್’ ಎಂಬ ಪದದಿಂದ ಆರಂಭಿಸಿ, ಚಿಹ್ನೆಯಿಲ್ಲದೆ ಬರೆಯುವ ರೂಢಿ ಬಂದದ್ದು ಇದರಿಂದ. ಕಡತವೇ ಇಲ್ಲದಿದ್ದಾಗ ಬರಿಯ ಎಕ್ಸ್‌ಇನಿಟ್ ಒಂದು ಟರ್ಮಿನಲ್ ತೆರೆದು ಸುಮ್ಮನಾಗುತ್ತದೆ. ಬೂದು ಬಣ್ಣದ ನೇಯ್ಗೆಯಂಥ ಹಿನ್ನೆಲೆ, ಎಡಮೇಲ್ತುದಿಯಲ್ಲಿ ಚೌಕಟ್ಟಿಲ್ಲದ ಒಂದು ಕಿಟಕಿ, ಎಕ್ಸ್ ಆಕಾರದ ಮೌಸ್ ಗುರುತು ಇಷ್ಟೇ ಕಂಡರೆ ಸರ್ವರ್ ಸರಿಯಿದೆ, ಮ್ಯಾನೇಜರ್ ಬಂದಿಲ್ಲ ಎಂದು ಹಳಬರು ನೋಡಿದ ಕೂಡಲೇ ಹೇಳುತ್ತಿದ್ದರು.

1988ರಲ್ಲಿ ಕೀತ್ ಪ್ಯಾಕರ್ಡ್ ಬರೆದ ‘ಎಕ್ಸ್‌ಡಿಎಂ’ ಬಂದ ಮೇಲೆ ಲಾಗಿನ್ ಕೂಡ ಚಿತ್ರಪರದೆಯಲ್ಲೇ ನಡೆಯತೊಡಗಿತು. ಇದರಿಂದ ಒಂದು ಹೊಸ ತೊಡಕು ಎದುರಾಯಿತು. ಟರ್ಮಿನಲ್‌ನಿಂದ ಎಬ್ಬಿಸಿದಾಗ ದೋಷದ ಸಂದೇಶ ಅದೇ ಟರ್ಮಿನಲ್‌ನಲ್ಲಿ ಕಾಣುತ್ತಿತ್ತು. ಈಗ ಅದಕ್ಕೆ ಜಾಗವಿರಲಿಲ್ಲ. ಆದ್ದರಿಂದ ಸೆಷನ್ ಸ್ಕ್ರಿಪ್ಟ್ ಆ ಸಂದೇಶಗಳನ್ನೆಲ್ಲ ‘ಡಾಟ್ ಎಕ್ಸ್‌ಸೆಷನ್-ಎರರ್ಸ್’ ಎಂಬ ಕಡತಕ್ಕೆ ಹರಿಸಿತು. ಮುಂದಿನ ಎರಡು ದಶಕ ಯುನಿಕ್ಸ್ ಬಳಗದಲ್ಲಿ ನೆರವು ಕೇಳಿದವರಿಗೆ ಸಿಗುತ್ತಿದ್ದ ಮೊದಲ ಸಲಹೆ ಆ ಕಡತ ನೋಡಿ ಎಂಬುದೇ. ಪಾಸ್‌ವರ್ಡ್ ಕೊಟ್ಟು ಎಂಟರ್ ಬದಲು ಎಫ್1 ಒತ್ತಿದರೆ ಬಳಕೆದಾರರ ಕಡತಗಳನ್ನು ಮುಟ್ಟದೆ ಒಂದು ಟರ್ಮಿನಲ್ ಮಾತ್ರ ತೆರೆಯುವ ‘ಫೇಲ್‌ಸೇಫ್’ ಸೆಷನ್ ಅನ್ನೂ ಎಕ್ಸ್‌ಡಿಎಂ ಒದಗಿಸಿತು. ಕೆಟ್ಟದ್ದನ್ನು ಬದಿಗಿಟ್ಟು ಒಳಗೆ ಹೋಗಲು ಯಾವಾಗಲೂ ಒಂದು ದಾರಿ ಉಳಿದಿರಬೇಕೆಂಬ ತತ್ತ್ವ ಇಲ್ಲಿ ಸ್ಪಷ್ಟ ರೂಪ ಪಡೆಯಿತು.

ಪರದೆಯ ಬೀಗ

ನೆಟ್‌ವರ್ಕ್ ಮೂಲಕ ಯಾರು ಬೇಕಾದರೂ ಇನ್ನೊಬ್ಬರ ಪರದೆಗೆ ಕಿಟಕಿ ಕಳಿಸಬಹುದಾಗಿದ್ದ ಕಾಲದಲ್ಲಿ ರಕ್ಷಣೆ ಬೇಕಾಯಿತು. ಎಕ್ಸ್11ರ ನಾಲ್ಕನೆಯ ಬಿಡುಗಡೆ ‘ಮ್ಯಾಜಿಕ್ ಕುಕಿ’ ಎಂಬ 128 ಬಿಟ್‌ಗಳ ರಹಸ್ಯ ಸಂಖ್ಯೆಯನ್ನು ತಂದಿತು. ಅದು ಮನೆ ಡೈರೆಕ್ಟರಿಯ ‘ಡಾಟ್ ಎಕ್ಸ್‌ಅಥಾರಿಟಿ’ ಕಡತದಲ್ಲಿರುತ್ತದೆ. ಅದನ್ನು ತೋರಿಸಲಾರದ ಕ್ಲೈಂಟ್‌ಗೆ, ವಿಂಡೋ ಮ್ಯಾನೇಜರ್ ಆದರೂ ಸರಿಯೇ, ಸರ್ವರ್ ಬಾಗಿಲು ತೆರೆಯುವುದಿಲ್ಲ.

ಇದರಿಂದ ಹುಟ್ಟಿದ ದೋಷ ಬಹಳ ಮಂದಿಯನ್ನು ಕಾಡಿದೆ. ಪಾಸ್‌ವರ್ಡ್ ಸರಿಯಾಗಿದೆ, ಪರದೆ ಒಂದು ಕ್ಷಣ ಕಪ್ಪಾಗುತ್ತದೆ, ಮತ್ತೆ ಅದೇ ಲಾಗಿನ್ ಪುಟ. ಒಮ್ಮೆ ರೂಟ್ ಎಂಬ ಆಡಳಿತಗಾರ ಖಾತೆಯ ಅಧಿಕಾರದಲ್ಲಿ ಓಡಿಸಿದ ಯಾವುದೋ ಪ್ರೋಗ್ರಾಂನಿಂದಾಗಿ ಆ ಕಡತದ ಒಡೆತನ ರೂಟ್‌ಗೆ ಹೋಗಿರುತ್ತದೆ. ಸಾಮಾನ್ಯ ಬಳಕೆದಾರರಿಗೆ ತಮ್ಮದೇ ಕಡತವನ್ನು ಓದಲು ಆಗುವುದಿಲ್ಲ. ಅಥವಾ ಡಿಸ್ಕ್ ಪೂರ್ತಿ ತುಂಬಿ ಹೊಸ ಕುಕಿ ಬರೆಯಲು ಜಾಗವಿರುವುದಿಲ್ಲ. ಕಡತದ ಒಡೆಯರು ಯಾರು, ಡಿಸ್ಕಿನಲ್ಲಿ ಎಷ್ಟು ಜಾಗ ಉಳಿದಿದೆ ಎಂಬ ಎರಡು ಪ್ರಶ್ನೆಗಳನ್ನು ಕನ್ಸೋಲ್‌ನಲ್ಲಿ ಮೊದಲೇ ಕೇಳಿಕೊಂಡರೆ ಗಂಟೆಗಳ ಕೆಲಸ ಉಳಿಯುತ್ತದೆ.

ಪಿಸಿ ಯುಗದ ಕಷ್ಟ

ವರ್ಕ್‌ಸ್ಟೇಷನ್‌ಗಳಲ್ಲಿ ಪರದೆ, ಚಿತ್ರಫಲಕ, ತಂತ್ರಾಂಶ ಎಲ್ಲ ಒಂದೇ ಕಂಪನಿಯಿಂದ ಬರುತ್ತಿದ್ದವು. ಪಿಸಿಯಲ್ಲಿ ಹಾಗಿರಲಿಲ್ಲ. ಥಾಮಸ್ ರೋಲ್ ಬರೆದ ಎಕ್ಸ್386 ಸರ್ವರ್‌ನಿಂದ 1992ರಲ್ಲಿ ಎಕ್ಸ್‌ಫ್ರೀ86 ಯೋಜನೆ ಕವಲೊಡೆಯಿತು. ಲಿನಕ್ಸ್‌ನಲ್ಲಿ ಚಿತ್ರಪರದೆ ಮೂಡಿದ್ದು ಇದರ ಬಲದಿಂದ. ಅದರ ಸಂರಚನಾ ಕಡತದಲ್ಲಿ ಮಾನಿಟರ್‌ನ ಅಡ್ಡ ಮತ್ತು ಲಂಬ ಆವರ್ತನಗಳನ್ನು ಬಳಸುವವರೇ ಬರೆಯಬೇಕಿತ್ತು. ಕಡಿಮೆ ಬರೆದರೆ ಬೇಕಾದ ಗಾತ್ರ ಸಿಗದು, ಹೆಚ್ಚು ಬರೆದರೆ ಹಳೆಯ ಮಾನಿಟರ್ ಸುಟ್ಟುಹೋಗುವ ಭಯ.

ಭಾರತದ ಬಹಳ ಮಂದಿಗೆ ಲಿನಕ್ಸ್ ದಕ್ಕಿದ್ದು ಈ ಹೊತ್ತಿನಲ್ಲೇ, ಪಿಸಿಕ್ವೆಸ್ಟ್ ಪತ್ರಿಕೆ 1990ರ ದಶಕದಲ್ಲಿ ಸಂಚಿಕೆಯೊಡನೆ ಹಂಚಿದ ಸಿಡಿಗಳ ಮೂಲಕ. ಬೆಂಗಳೂರಿನಲ್ಲಿ ಬಳಕೆದಾರರ ಬಳಗ ಬೆಳೆಯಿತು; 2001ರಲ್ಲಿ ಆರಂಭವಾದ ‘ಲಿನಕ್ಸ್ ಬ್ಯಾಂಗಲೋರ್’ ಸಮ್ಮೇಳನ 2005ರಿಂದ ‘ಫಾಸ್ ಡಾಟ್ ಇನ್’ ಎಂಬ ಹೆಸರಿನಲ್ಲಿ ನಡೆಯಿತು. ಬಿಡಿಭಾಗಗಳನ್ನು ಕೊಂಡು ಜೋಡಿಸಿದ ಪಿಸಿಗಳಲ್ಲಿ ಚಿತ್ರಪರದೆ ಮೂಡಿಸುವುದು ಆ ಕಾಲದ ಕಲಿಕೆಯ ಮೊದಲ ಪಾಠವಾಗಿತ್ತು.

ಅಕ್ಷರಶೈಲಿಗಳೂ ಅಡ್ಡಿಯಾಗುತ್ತಿದ್ದವು. ‘ಫಿಕ್ಸೆಡ್’ ಎಂಬ ಮೂಲ ಫಾಂಟ್ ಸಿಗದಿದ್ದರೆ ಸರ್ವರ್ ಏಳಲು ನಿರಾಕರಿಸುತ್ತಿತ್ತು. ಆಗಿನ ರೆಡ್ ಹ್ಯಾಟ್ ಲಿನಕ್ಸ್‌ನಲ್ಲಿ ಫಾಂಟ್ ಒದಗಿಸುವ ಕೆಲಸ ಇನ್ನೊಂದು ಸರ್ವರ್‌ನದಾಗಿದ್ದರಿಂದ ಅದು ನಿಂತರೆ ಪರದೆಯೂ ಇಲ್ಲ. ಮುಂದೆ ಈ ಫಾಂಟ್ ಅನ್ನು ಸರ್ವರ್ ಒಳಗೇ ಸೇರಿಸಲಾಯಿತು. ಆ ಹಳೆಯ ಫಾಂಟ್ ವ್ಯವಸ್ಥೆ ಒಂದು ಅಕ್ಷರಕ್ಕೆ ಒಂದು ಆಕೃತಿ ಎಂದು ನಂಬಿತ್ತು. ಹಾಗಾಗಿ ಟಿಡಬ್ಲ್ಯೂಎಂನಂಥ ಮ್ಯಾನೇಜರ್‌ಗಳ ಶೀರ್ಷಿಕೆಯಲ್ಲಿ ಕನ್ನಡದ ಒತ್ತಕ್ಷರ ಸರಿಯಾಗಿ ಕೂರುತ್ತಿರಲಿಲ್ಲ. ಅಕ್ಷರ ಜೋಡಿಸುವ ಪ್ಯಾಂಗೋ ತಂತ್ರಾಂಶವನ್ನು ಆಧರಿಸಿದ ಗ್ನೋಮ್ 2 ಡೆಸ್ಕ್‌ಟಾಪ್ ಬಂದ ಮೇಲೆ ಆ ಕೊರತೆ ನೀಗಿತು.

2000ದಲ್ಲಿ ಬಂದ ಎಕ್ಸ್‌ಫ್ರೀ86ರ ನಾಲ್ಕನೆಯ ಆವೃತ್ತಿಯ ಲಾಗ್ ಕಡತದಲ್ಲಿ ಪ್ರತಿ ಸಾಲಿಗೂ ಗುರುತು ಇರುತ್ತಿತ್ತು: ಎರಡು ‘ಐ’ ಇದ್ದರೆ ಮಾಹಿತಿ, ಎರಡು ‘ಡಬ್ಲ್ಯೂ’ ಇದ್ದರೆ ಎಚ್ಚರಿಕೆ, ಎರಡು ‘ಇ’ ಇದ್ದರೆ ದೋಷ. ಸಾವಿರ ಸಾಲುಗಳಲ್ಲಿ ‘ಇಇ’ ಇರುವ ಸಾಲು ಹುಡುಕಿದರೆ ಸಾಕಾಗುತ್ತಿತ್ತು. ಪರವಾನಗಿಯ ವಿವಾದದಿಂದ 2004ರಲ್ಲಿ ಹೆಚ್ಚಿನವರು ಎಕ್ಸ್‌ಫ್ರೀ86 ತೊರೆದು ಎಕ್ಸ್.ಆರ್ಗ್‌ನ ಸರ್ವರ್‌ಗೆ ಬಂದರು; ಈ ಗುರುತುಗಳು ಅಲ್ಲಿಯೂ ಉಳಿದವು. 2009ರಲ್ಲಿ ಲಿನಕ್ಸ್ 2.6.29 ಪರದೆಯ ಗಾತ್ರ ಹೊಂದಿಸುವ ಹೊಣೆಯನ್ನು ಕರ್ನಲ್‌ಗೆ ತಂದಿತು. ಆವರ್ತನ ಬರೆಯುವ ಕಾಲ ಹೀಗೆ ಮುಗಿಯುತ್ತ ಬಂತು.

ಡೆಸ್ಕ್‌ಟಾಪ್‌ಗಳು ಮತ್ತು ಮೂರು ಆಯಾಮದ ಚಿತ್ರಫಲಕ

1996ರಲ್ಲಿ ಮಥಿಯಾಸ್ ಎಟ್ರಿಶ್ ಕೆಡಿಇ ಯೋಜನೆಯನ್ನೂ 1997ರಲ್ಲಿ ಮಿಗೆಲ್ ದೆ ಇಕಾಜಾ ಮತ್ತು ಫೆಡೆರಿಕೊ ಮೇನಾ ಗ್ನೋಮ್ ಯೋಜನೆಯನ್ನೂ ಘೋಷಿಸಿದರು. ಈ ಡೆಸ್ಕ್‌ಟಾಪ್‌ಗಳಲ್ಲಿ ವಿಂಡೋ ಮ್ಯಾನೇಜರ್ ಅನ್ನು ಬಳಸುವವರು ಎಬ್ಬಿಸುವುದಿಲ್ಲ, ಸೆಷನ್ ಮ್ಯಾನೇಜರ್ ಎಬ್ಬಿಸುತ್ತದೆ. ಸತ್ತರೆ ಮತ್ತೆ ಎಬ್ಬಿಸಲು ನೋಡುತ್ತದೆ, ಪದೇ ಪದೇ ಸತ್ತರೆ ಸೆಷನ್ ಅನ್ನೇ ಕೈಬಿಡುತ್ತದೆ. ಸಂರಚನೆ ಹತ್ತಾರು ಕಡತಗಳಿಗೆ ಹರಡಿಕೊಂಡಿದ್ದರಿಂದ ಒಂದನ್ನು ಪಕ್ಕಕ್ಕಿಟ್ಟರೆ ಸಾಲದಾಯಿತು. ಹೊಸ ಬಳಕೆದಾರರ ಖಾತೆಯೊಂದನ್ನು ತೆರೆದು ಲಾಗಿನ್ ಆಗಿ ನೋಡುವ ಪರೀಕ್ಷೆ ರೂಢಿಗೆ ಬಂತು. ಹೊಸ ಖಾತೆಯಲ್ಲಿ ಎಲ್ಲ ಸರಿಯಿದ್ದರೆ ದೋಷ ಹಳೆಯ ಖಾತೆಯ ಕಡತಗಳಲ್ಲಿದೆ. ಅಲ್ಲೂ ಕೆಟ್ಟರೆ ವ್ಯವಸ್ಥೆಯಲ್ಲಿದೆ.

ಇದೇ ಹೊತ್ತಿಗೆ ಸಣ್ಣ ಮ್ಯಾನೇಜರ್‌ಗಳ ಇನ್ನೊಂದು ಧಾರೆಯೂ ಬೆಳೆಯಿತು: 2006ರ ಡಿಡಬ್ಲ್ಯೂಎಂ, 2007ರ ಎಕ್ಸ್‌ಮೊನಾಡ್, 2009ರ ಐ3. ಕಿಟಕಿಗಳನ್ನು ಅಕ್ಕಪಕ್ಕ ಹಾಸುವ ಇವುಗಳ ಸಂರಚನೆ ಹಲವೆಡೆ ಪೂರ್ಣ ಪ್ರೋಗ್ರಾಂ ಭಾಷೆಯಲ್ಲೇ ಇರುತ್ತದೆ, ತಪ್ಪಿಗೂ ಅಷ್ಟೇ ಅವಕಾಶ. ಅದಕ್ಕೆ ತಕ್ಕ ಎಚ್ಚರವನ್ನು ಅವುಗಳ ಕರ್ತೃಗಳೇ ವಹಿಸಿದರು. ಓಡುತ್ತಿರುವ ಎಕ್ಸ್‌ಮೊನಾಡ್‌ನ ಹೊಸ ಸಂರಚನೆ ಕಂಪೈಲ್ ಆಗದಿದ್ದರೆ ಹಳೆಯದೇ ಮುಂದುವರಿದು ದೋಷವನ್ನು ತೆರೆಯ ಮೇಲೆ ತೋರಿಸುತ್ತದೆ. ಬಳಕೆದಾರರ ಕಡತ ಕೆಟ್ಟಿದ್ದರೆ ‘ಆಸಮ್’ ಎಂಬ ಇನ್ನೊಂದು ಮ್ಯಾನೇಜರ್ ಮೂಲ ಕಡತದಿಂದ ಏಳುತ್ತದೆ. ಐ3ರಲ್ಲಿ ಮ್ಯಾನೇಜರ್ ಎಬ್ಬಿಸದೆ ಕಡತವನ್ನು ಮಾತ್ರ ಪರೀಕ್ಷಿಸುವ ಆಯ್ಕೆ ಇದೆ. ಕಿಟಕಿಯೊಳಗೊಂದು ಸರ್ವರ್ ತೆರೆಯುವ ‘ಜೆಫರ್’ ಸಾಧನದಲ್ಲಿ ಹೊಸ ಮ್ಯಾನೇಜರ್ ಅನ್ನು ಯಾವ ಅಪಾಯವೂ ಇಲ್ಲದೆ ಪರೀಕ್ಷಿಸಬಹುದು.

2006ರಲ್ಲಿ ನೋವೆಲ್ ಕಂಪನಿಯ ಡೇವಿಡ್ ರೆವೆಮನ್ ‘ಕಂಪಿಜ್’ ಹೊರತಂದರು. ಕಿಟಕಿಗಳನ್ನು ಚಿತ್ರಫಲಕದ ಮೂರು ಆಯಾಮದ ಶಕ್ತಿಯಿಂದ ಬಿಡಿಸುವ ಮ್ಯಾನೇಜರ್ ಅದು. ಹೀಗೆ ಮ್ಯಾನೇಜರ್ ಏಳಬೇಕಾದರೆ ಡ್ರೈವರ್ ಕೂಡ ಸರಿಯಿರಬೇಕೆಂಬ ಹೊಸ ಷರತ್ತು ಸೇರಿತು. ಕಂಪಿಜ್‌ನಲ್ಲಿ ಶೀರ್ಷಿಕೆ ಪಟ್ಟಿ ಬಿಡಿಸುವುದು ಇನ್ನೊಂದು ಪ್ರೋಗ್ರಾಂ ಆದ್ದರಿಂದ ಮ್ಯಾನೇಜರ್ ಓಡುತ್ತಿದ್ದರೂ ಪಟ್ಟಿಗಳು ಕಾಣದ ದೋಷ ಆಗ ಸಾಮಾನ್ಯವಾಗಿತ್ತು. 2011ರ ಏಪ್ರಿಲ್‌ನಲ್ಲಿ ಬಂದ ಗ್ನೋಮ್ 3ರಲ್ಲಿ ಮಟರ್ ಎಂಬ ಮ್ಯಾನೇಜರ್ ಡೆಸ್ಕ್‌ಟಾಪಿನ ಶೆಲ್ ಜೊತೆ ಒಂದೇ ಪ್ರೋಗ್ರಾಂ ಆಯಿತು. ಮೂರು ಆಯಾಮದ ಬೆಂಬಲವಿಲ್ಲದ ಯಂತ್ರಗಳಿಗೆ ಸರಳ ರೂಪವೊಂದನ್ನು ಇಡಲಾಗಿತ್ತು. 2013ರಲ್ಲಿ ಅದನ್ನು ತೆಗೆದು, ಪ್ರೊಸೆಸರ್‌ನಿಂದಲೇ ಚಿತ್ರ ಬಿಡಿಸುವ ತಂತ್ರಾಂಶವನ್ನು ನೆಚ್ಚಿಕೊಳ್ಳಲಾಯಿತು.

ವೇಲ್ಯಾಂಡ್: ಪದರಗಳು ಮತ್ತೆ ಒಂದಾದಾಗ

ಕ್ರಿಸ್ಟಿಯಾನ್ ಹೋಗ್ಸ್‌ಬರ್ಗ್ 2008ರಲ್ಲಿ ಎಕ್ಸ್‌ಗೆ ಬದಲಿಯಾಗಿ ಆರಂಭಿಸಿದ ವೇಲ್ಯಾಂಡ್‌ನ ಮೊದಲ ಪೂರ್ಣ ಆವೃತ್ತಿ 2012ರಲ್ಲಿ ಬಂತು. ಫೆಡೋರಾ 25 ಅದನ್ನು 2016ರಲ್ಲಿ ಗ್ನೋಮ್‌ನ ಮೊದಲ ಆಯ್ಕೆ ಮಾಡಿತು. ಇದರಲ್ಲಿ ಸರ್ವರ್, ವಿಂಡೋ ಮ್ಯಾನೇಜರ್, ಚಿತ್ರ ಜೋಡಿಸುವ ಕೆಲಸ ಮೂರೂ ಕಂಪೋಸಿಟರ್ ಎಂಬ ಒಂದೇ ಪ್ರೋಗ್ರಾಂನಲ್ಲಿವೆ. ಪರದೆ ಕಂಪಿಸದೆ ಮೂಡುತ್ತದೆ, ಒಂದು ಪ್ರೋಗ್ರಾಂ ಇನ್ನೊಂದರ ಕೀಬೋರ್ಡ್ ಕದ್ದು ಕೇಳಲಾಗದು. ಆದರೆ ಮ್ಯಾನೇಜರ್ ಸತ್ತರೂ ಕಿಟಕಿ ಉಳಿಯುವ ಎಕ್ಸ್‌ನ ಏರ್ಪಾಟು ಇಲ್ಲಿಲ್ಲ. ಕಂಪೋಸಿಟರ್ ಬಿದ್ದರೆ ಸಾಮಾನ್ಯವಾಗಿ ಎಲ್ಲ ಕಿಟಕಿಗಳೂ ಬೀಳುತ್ತವೆ. ಈ ನಷ್ಟ ತುಂಬುವ ಪ್ರಯತ್ನವಾಗಿ 2024ರ ಕೆಡಿಇ ಪ್ಲಾಸ್ಮಾ 6ರಲ್ಲಿ ಕ್ಯೂಟಿ ಆಧಾರಿತ ಪ್ರೋಗ್ರಾಂಗಳು ಕಂಪೋಸಿಟರ್ ಬಿದ್ದರೂ ಉಳಿದು ಮತ್ತೆ ಸೇರಿಕೊಳ್ಳುವ ವ್ಯವಸ್ಥೆ ಬಂದಿದೆ.

ಒಬ್ಬರಿಗೇ ಸಿಗುವ ಹಕ್ಕು ಇಲ್ಲಿಯೂ ಇದೆ, ಅದರ ಜಾಗ ಮಾತ್ರ ಬದಲಾಗಿದೆ. ರೂಟ್ ಕಿಟಕಿಯ ಬದಲು ಕರ್ನಲ್‌ನ ಚಿತ್ರಸಾಧನದ ಮೇಲಿನ ಒಡೆತನವನ್ನು ಒಂದು ಸಮಯಕ್ಕೆ ಒಂದೇ ಕಂಪೋಸಿಟರ್ ಹಿಡಿಯಬಹುದು. ಲಾಗಿನ್ ವ್ಯವಸ್ಥೆ ಒದಗಿಸಬೇಕಾದ ತಾತ್ಕಾಲಿಕ ಡೈರೆಕ್ಟರಿ ಇಲ್ಲದಿದ್ದರೂ ಕಂಪೋಸಿಟರ್ ಏಳುವುದಿಲ್ಲ. ಸಂದೇಶಗಳು ಹಳೆಯ ಎರರ್ಸ್ ಕಡತಕ್ಕೆ ಬರುವುದು ಕಡಿಮೆಯಾಗಿ, ಲಿನಕ್ಸ್‌ನ ಸೇವೆಗಳನ್ನು ನಿರ್ವಹಿಸುವ ಸಿಸ್ಟಂಡಿಯ ಜರ್ನಲ್‌ಗೆ ಸೇರುತ್ತವೆ.

ಉಳಿದ ಕ್ರಮ

ತಂತ್ರಾಂಶ ಎಷ್ಟೇ ಬದಲಾದರೂ ಈ ನಾಲ್ಕು ದಶಕಗಳ ಅನುಭವ ಒಂದು ಕ್ರಮವನ್ನು ಉಳಿಸಿದೆ: ತಳದಿಂದ ಮೇಲಕ್ಕೆ ಹೋಗಬೇಕು, ಪ್ರತಿ ಪದರದಲ್ಲೂ ಅದರದೇ ಸಾಕ್ಷಿ ಕೇಳಬೇಕು. ಮೊದಲು ಕಂಟ್ರೋಲ್, ಆಲ್ಟ್ ಜೊತೆ ಎಫ್3ರಂಥ ಕೀಲಿ ಒತ್ತಿ ಅಕ್ಷರ ಕನ್ಸೋಲ್ ಬರುತ್ತದೆಯೇ ನೋಡಬೇಕು. ಬಂದರೆ ಕರ್ನಲ್ ಸರಿಯಿದೆ. ಪರದೆ ಕೆಟ್ಟಿದ್ದರೂ ಇನ್ನೊಂದು ಯಂತ್ರದಿಂದ ನೆಟ್‌ವರ್ಕ್ ಮೂಲಕ ಒಳಗೆ ಬರಬಹುದು. ಎರಡನೆಯದಾಗಿ ಡಿಸ್ಕಿನ ಜಾಗ ಮತ್ತು ಕಡತಗಳ ಒಡೆತನ. ಮೂರನೆಯದಾಗಿ ಎಕ್ಸ್ ಆದರೆ ಸರ್ವರ್‌ನ ಲಾಗ್‌ನಲ್ಲಿ ‘ಇಇ’ ಸಾಲುಗಳು, ವೇಲ್ಯಾಂಡ್ ಆದರೆ ಜರ್ನಲ್. ನಾಲ್ಕನೆಯದಾಗಿ ಸೆಷನ್ ಎಬ್ಬಿಸುವ ಸ್ಕ್ರಿಪ್ಟ್‌ನ ಸಾಲುಗಳ ಅನುಕ್ರಮ. ಆಮೇಲೆ ಮ್ಯಾನೇಜರ್ ಅನ್ನು ಟರ್ಮಿನಲ್‌ನಿಂದ ಕೈಯಾರೆ ಎಬ್ಬಿಸಿ ಅದು ಹೇಳುವುದನ್ನು ಓದಬೇಕು. ಕೊನೆಗೆ ಸಂರಚನೆಯನ್ನು ಪಕ್ಕಕ್ಕಿಟ್ಟು ಇಲ್ಲವೇ ಹೊಸ ಖಾತೆಯಿಂದ ಪರೀಕ್ಷಿಸಬೇಕು.

ಕೆಳಗಿನ ಪದರ ಕೆಟ್ಟಾಗ ಮೇಲಿನದು ತಾನೇ ಕೆಟ್ಟಂತೆ ಕಾಣುತ್ತದೆ; ಮೇಲಿನದು ಕೆಟ್ಟರೆ ಕೆಳಗಿನದಕ್ಕೆ ಏನೂ ಆಗುವುದಿಲ್ಲ. ತಳದಿಂದಲೇ ಆರಂಭಿಸಬೇಕೆನ್ನುವುದಕ್ಕೆ ಇದೇ ಕಾರಣ. ಮತ್ತೆ ಅನುಸ್ಥಾಪನೆ ಮಾಡುವುದು ಈ ಕ್ರಮದಲ್ಲಿ ಸೇರಿಲ್ಲ: ಕೆಟ್ಟ ಕಡತ ಮನೆ ಡೈರೆಕ್ಟರಿಯಲ್ಲಿದ್ದರೆ, ಅದನ್ನು ಉಳಿಸಿಕೊಂಡು ಮಾಡಿದ ಹೊಸ ಅನುಸ್ಥಾಪನೆಯಲ್ಲೂ ಅದೇ ದೋಷ ಮರಳಿ ಬರುತ್ತದೆ.